ಕಣ್ಣಿಗೆ ಒಂದೇ, ವಂಶದಲ್ಲಿ ಬೇರೆ: ಬಾವಿಯ ಕುರುಡು ಮೀನು ಹೇಳುವ ಪಾಠ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಅಪ್ಪೆಮಿಡಿಯ ಮರವನ್ನು ಗುರುತಿಸುವ ಕ್ರಮ ಇಲ್ಲಿ ನೆರೆದ ಬಹುಮಂದಿಗೆ ಗೊತ್ತು. ಹೊಳೆಯ ದಂಡೆಯಲ್ಲಿ ಅಕ್ಕಪಕ್ಕ ನಿಂತ ಎರಡು ಮರಗಳ ಎಲೆ, ತೊಗಟೆ, ಮಿಡಿಯ ಆಕಾರ ಒಂದೇ ರೀತಿ ಕಾಣಬಹುದು. ಆದರೆ ಅನುಭವಿಯಾದ ಕೃಷಿಕ ಕಣ್ಣನ್ನಷ್ಟೇ ನಂಬುವುದಿಲ್ಲ. ಮಿಡಿಯ ತೊಟ್ಟು ಮುರಿದು ಸೊನೆಯನ್ನು ಮೂಸಿ ನೋಡುತ್ತಾನೆ. ಒಂದರಲ್ಲಿ ಜೀರಿಗೆಯ ಪರಿಮಳ, ಇನ್ನೊಂದರಲ್ಲಿ ಕರ್ಪೂರದ ಪರಿಮಳ. ರೂಪ ಒಂದೇ ಇದ್ದರೂ ತಳಿ ಬೇರೆ ಎಂಬ ನಿರ್ಣಯ ಅಲ್ಲಿ ಆಗುತ್ತದೆ. ಆ ವ್ಯತ್ಯಾಸ ತಿಳಿಯದವನು ಎರಡು ಮರಗಳಲ್ಲಿ ಒಂದನ್ನು ಕಡಿದರೆ ‘ಇನ್ನೊಂದು ಇದೆಯಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ತಿಳಿದವನಿಗೆ ಮಾತ್ರ ಒಂದು ತಳಿಯೇ ಹೋಯಿತೆಂಬುದು ಅರಿವಾಗುತ್ತದೆ.

ಮೀನುಗಳ ಲೋಕದಲ್ಲಿಯೂ ಇಂಥ ಒಂದು ಸಂಗತಿ ನಡೆದಿದೆ. ಪಶ್ಚಿಮ ಘಟ್ಟದ ಬುಡದಲ್ಲಿ, ಕೇರಳದ ಮನೆ ಮನೆಯ ಬಾವಿಗಳ ಆಳದಲ್ಲಿ, ಒಂದೇ ರೂಪದ ಪುಟ್ಟ ಮೀನುಗಳು ನಿಜವಾಗಿ ನಾಲ್ಕು ಬೇರೆ ಬೇರೆ ಪ್ರಭೇದಗಳು ಎಂಬುದು ತಿಳಿದುಬಂದಿದೆ. ಆ ಶೋಧದ ಕಥೆಯೂ ಅದು ಮಲೆನಾಡಿಗೆ ನೀಡುವ ಎಚ್ಚರಿಕೆಯೂ ಇಂದಿನ ವಿಷಯ.

ಮೀಸೆಯ ಮೀನುಗಳ ಬಳಗ

ಮೈಮೇಲೆ ಹುರುಪೆಯಿಲ್ಲದ, ಬಾಯಿಯ ಸುತ್ತ ಮೀಸೆಯಿರುವ ಮೀನುಗಳನ್ನು ಇಂಗ್ಲಿಷಿನಲ್ಲಿ ಕ್ಯಾಟ್‌ಫಿಶ್ ಎನ್ನುತ್ತಾರೆ. ಕನ್ನಡದ ಜನ ಇವುಗಳಿಗೆ ಒಂದೊಂದಕ್ಕೂ ಬೇರೆ ಹೆಸರಿಟ್ಟಿದ್ದಾರೆ. ಕರಾವಳಿಯ ಗದ್ದೆ, ತೋಡುಗಳ ಮುಗುಡು, ಒಳನಾಡಿನ ಕೆರೆಗಳ ಮುರುಗೋಡು, ಮುಳ್ಳು ತಾಗಿದರೆ ಉರಿಯಿಂದ ಒದ್ದಾಡಿಸುವ ಚೇಳು ಮೀನು, ಸಣ್ಣ ಹೊಳೆಗಳ ಗಿರ್ಲು, ದೊಡ್ಡ ನದಿಗಳ ಬಾಳೆ ಮೀನು, ಇವೆಲ್ಲ ಈ ಬಳಗದವು. ಸದಾ ಕಲಕಿದ ನೀರಿನಲ್ಲಿ, ರಾತ್ರಿಯ ಕತ್ತಲೆಯಲ್ಲಿ ಆಹಾರ ಹುಡುಕುವ ಇವುಗಳಿಗೆ ಮೀಸೆಯೇ ಮೂಗು, ಮೀಸೆಯೇ ಕೈ.

ಹೀಗೆ ಕತ್ತಲೆಗೆ ಒಗ್ಗಿದ ಬಳಗದ ಒಂದು ಶಾಖೆ ಇನ್ನೂ ಆಳವಾದ ಕತ್ತಲೆಗೆ ಇಳಿಯಿತು. ಕೇರಳದ ಕೆಂಪುಕಲ್ಲಿನ ನೆಲದಡಿಯಲ್ಲಿರುವ ಅಂತರ್ಜಲದ ಪದರವೇ ಅದರ ಮನೆಯಾಯಿತು. ಈ ಮೀನಿನ ಕುಲದ ವೈಜ್ಞಾನಿಕ ಹೆಸರು ‘ಹೋರಾಗ್ಲಾನಿಸ್’. ಇದು ಮುಗುಡು ಮೀನು ಸೇರಿರುವ ಕ್ಲೇರಿಡೇ ಕುಟುಂಬದ ಸದಸ್ಯ, ಅಂದರೆ ಗದ್ದೆಯ ಮುಗುಡಿನ ದೂರದ ದಾಯಾದಿ. ಕಿರುಬೆರಳಿಗಿಂತ ಚಿಕ್ಕದಾದ ಈ ಮೀನಿಗೆ ಕಣ್ಣುಗಳಿಲ್ಲ. ಚರ್ಮದಲ್ಲಿ ಬಣ್ಣವಿಲ್ಲದ ಕಾರಣ ಒಳಗಿನ ರಕ್ತವೇ ಹೊರಗೆ ಕಂಡು ಮೈ ನಸುಗೆಂಪಾಗಿ ತೋರುತ್ತದೆ. ನಾಲ್ಕು ಜೊತೆ ಮೀಸೆಗಳಿವೆ. ಬಾವಿಯನ್ನು ತೋಡುವಾಗ ಅಥವಾ ಬಾವಿಯ ಕೆಸರೆತ್ತುವಾಗ ಅಪರೂಪಕ್ಕೆ ಕೊಡದಲ್ಲಿ ಮೇಲೆ ಬಂದಾಗ ಮಾತ್ರ ಅದು ಮನುಷ್ಯರ ಕಣ್ಣಿಗೆ ಬೀಳುತ್ತದೆ.

ಇದನ್ನು 1950ರಲ್ಲಿ ಮೊದಲ ಬಾರಿಗೆ ವಿಜ್ಞಾನಲೋಕಕ್ಕೆ ಪರಿಚಯಿಸಿದವರು ಎ.ಜಿ.ಕೆ. ಮೆನನ್. ಮಾದರಿಗಳು ಕೋಟ್ಟಯಂ ಊರಿನ ಬಾವಿಗಳವು. ಭಾರತೀಯ ಮೀನುಗಳ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲೊಬ್ಬರಾದ, ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರ್‌ಲಾಲ್ ಹೋರಾ ಅವರ ಗೌರವಾರ್ಥವಾಗಿ ಕುಲಕ್ಕೆ ಹೋರಾಗ್ಲಾನಿಸ್ ಎಂಬ ಹೆಸರಾಯಿತು. ಪ್ರಭೇದದ ಹೆಸರು ‘ಕೃಷ್ಣೈ’. ಮುಂದಿನ ಅರ್ಧ ಶತಮಾನ ಕಾಲ ಈ ಕುಲದಲ್ಲಿ ಇದೊಂದೇ ಪ್ರಭೇದವೆಂದು ಪುಸ್ತಕಗಳು ಹೇಳುತ್ತಿದ್ದವು.

ಕೆಂಪುಕಲ್ಲಿನ ಒಡಲು

ಈ ಮೀನಿನ ಮನೆಯನ್ನು ಅರಿಯದೆ ಮೀನನ್ನು ಅರಿಯಲಾಗದು. ಆ ಮನೆ ಕನ್ನಡಿಗರಿಗೆ ಅಪರಿಚಿತವೂ ಅಲ್ಲ. ದಕ್ಷಿಣ ಕನ್ನಡದಲ್ಲಿ ಮುರಕಲ್ಲು, ಉತ್ತರ ಕನ್ನಡದಲ್ಲಿ ಚಿರೆಕಲ್ಲು, ಘಟ್ಟದ ಮೇಲೆ ಜಂಬಿಟ್ಟಿಗೆ ಎಂದು ಕರೆಯುವ ಕಲ್ಲೇ ಅದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರದಲ್ಲಿ ಜನರು ಈ ಕಲ್ಲನ್ನು ನೆಲದಿಂದ ಇಟ್ಟಿಗೆಯಂತೆ ಕತ್ತರಿಸಿ ತೆಗೆಯುವುದನ್ನು ಕಂಡ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಜಂಬಿಟ್ಟಿಗೆ ಎಂಬ ಕನ್ನಡದ ಪದದಲ್ಲಿಯೂ ಅದೇ ಇಟ್ಟಿಗೆ ಕುಳಿತಿದೆ.

ಈ ಕಲ್ಲು ಹೊರಗಿನಿಂದ ಗಟ್ಟಿ, ಒಳಗೆ ಜೇನುಹಲ್ಲೆಯಂತೆ ರಂಧ್ರಮಯ. ಮಳೆಗಾಲದ ನೀರು ಈ ರಂಧ್ರ, ಬಿರುಕು, ಕೊಳವೆಗಳಲ್ಲಿ ಇಳಿದು, ಅಡಿಯಲ್ಲಿ ನಿಂತು, ಬೇಸಿಗೆಯಲ್ಲಿ ಒರತೆಯಾಗಿ ಬಾವಿಗೆ ಬರುತ್ತದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕೃಷಿಕರು ತೋಡಿದ ಸುರಂಗಗಳು ನೀರನ್ನು ಪಡೆಯುವುದೂ ಇಂಥದೇ ಒಡಲಿನಿಂದ. ಹೊರಗಿನವರು ಇದನ್ನು ‘ಬರಡು ಪಾರೆ’ ಎಂದು ಕರೆದದ್ದುಂಟು. ಆದರೆ ಆ ಪಾರೆಯ ಅಡಿಯಲ್ಲಿ ನೀರಿದೆ, ನೀರಿನಲ್ಲಿ ಜೀವವಿದೆ. ಕೇರಳದ ಇಂಥ ನೆಲದಡಿಯಿಂದಲೇ 2011ರಲ್ಲಿ ‘ಕ್ರಿಪ್ಟೋಗ್ಲಾನಿಸ್ ಶಾಜಿಐ’ ಎಂಬ ಇನ್ನೊಂದು ಮೀಸೆಮೀನು, 2019ರಲ್ಲಿ ‘ಎನಿಗ್ಮಚನ್ನಾ ಗೋಲಮ್’ ಎಂಬ ಹಾವಿನಂಥ ಮೀನು ವಿಜ್ಞಾನಕ್ಕೆ ಪರಿಚಯವಾದವು. ಎರಡೂ ಎಷ್ಟು ವಿಶಿಷ್ಟವೆಂದರೆ, ಅವುಗಳಿಗಾಗಿ ಹೊಸ ಕುಟುಂಬಗಳನ್ನೇ ಸ್ಥಾಪಿಸಬೇಕಾಯಿತು.

ಮೈ ನೋಡಿ ಗುರುತಿಸುವ ವಿದ್ಯೆ

ಮೀನನ್ನು ಗುರುತಿಸುವ ಹಳೆಯ ಮತ್ತು ಇಂದಿಗೂ ಅನಿವಾರ್ಯವಾದ ವಿಧಾನ ಮೈಯ ಲಕ್ಷಣಗಳ ಪರೀಕ್ಷೆ. ಮೂತಿಯಿಂದ ಬಾಲದ ಬುಡದವರೆಗಿನ ಉದ್ದ, ತಲೆಯ ಉದ್ದ, ಮೈಯ ಎತ್ತರ, ಮೀಸೆಗಳ ಉದ್ದ ಇವುಗಳನ್ನು ಸೂಕ್ಷ್ಮ ಮಾಪಕದಿಂದ ಅಳೆದು ಒಂದಕ್ಕೊಂದರ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ರೆಕ್ಕೆಗಳಲ್ಲಿ ಎಷ್ಟು ಕಡ್ಡಿಗಳಿವೆ, ಮುಳ್ಳಿನ ಅಂಚಿನಲ್ಲಿ ಹಲ್ಲುಗಳಿವೆಯೇ, ತಲೆಬುರುಡೆಯ ಹಿಂಭಾಗದ ಮೂಳೆ ಯಾವ ಆಕಾರದ್ದು ಎಂಬುದನ್ನು ನೋಡುತ್ತಾರೆ. ಮಾಂಸವನ್ನು ಪಾರದರ್ಶಕಗೊಳಿಸಿ ಮೂಳೆಗೆ ಕೆಂಪು, ಮೃದ್ವಸ್ಥಿಗೆ ನೀಲಿ ಬಣ್ಣ ಹಿಡಿಸಿ ಅಸ್ಥಿಪಂಜರವನ್ನು ಓದುವ ಕ್ರಮವೂ ಇದೆ.

ಎಷ್ಟೋ ಕಡೆ ಈ ವಿದ್ಯೆಯೇ ಸಾಕಾಗುತ್ತದೆ. ಕೇರಳದ ನದಿಗಳಲ್ಲಿ ‘ಹೋರಾಬ್ಯಾಗ್ರಸ್ ಬ್ರಾಕಿಸೋಮ’ ಎಂಬ ಹಳದಿ ಮೀಸೆಮೀನು ಇದೆ. ಅದರ ಭುಜದ ಮೇಲೆ ದೊಡ್ಡ ಕಪ್ಪು ಮಚ್ಚೆ. ಚಾಲಕುಡಿ ನದಿಯ ಕೆಲವು ಮೀನುಗಳಲ್ಲಿ ಈ ಕಪ್ಪು ಬಣ್ಣ ಭುಜದಿಂದ ಭುಜಕ್ಕೆ ಕುತ್ತಿಗೆಯ ಮೇಲೆ ಹಾಯ್ದು ಪಟ್ಟಿಯಂತೆ ಕಾಣುತ್ತದೆ. 1994ರಲ್ಲಿ ಪೆತಿಯಗೋಡ ಮತ್ತು ಕೊಟ್ಟೆಲಾಟ್ ಎಂಬ ವಿಜ್ಞಾನಿಗಳು ಇದನ್ನು ಬೇರೆ ಪ್ರಭೇದವೆಂದು ವಿವರಿಸಿ, ‘ಕಪ್ಪು ಕೊರಳಪಟ್ಟಿಯದು’ ಎಂಬ ಅರ್ಥದಲ್ಲಿ ‘ನೈಗ್ರಿಕಾಲಾರಿಸ್’ ಎಂದು ಕರೆದರು. ಇಲ್ಲಿ ಮೈಯೇ ತನ್ನ ಗುರುತನ್ನು ಹೇಳಿತು.

ಆದರೆ ಹೋರಾಗ್ಲಾನಿಸ್ ಮೀನಿನ ಮೈ ಹೀಗೆ ಮಾತನಾಡುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ಮಚ್ಚೆಯಿಲ್ಲ, ಕಣ್ಣಿಲ್ಲ. ಸಿಕ್ಕುವ ಮಾದರಿಗಳೋ ಬೆರಳೆಣಿಕೆಯಷ್ಟು. ತ್ರಿಶೂರು ಜಿಲ್ಲೆಯ ಬಾವಿಗಳಲ್ಲಿ ಸಿಕ್ಕ ಮೀನುಗಳ ಆಧಾರದ ಮೇಲೆ 2004ರಲ್ಲಿ ‘ಅಲಿಕುನ್ಹಿಐ’, 2012ರಲ್ಲಿ ‘ಅಬ್ದುಲ್‌ಕಲಾಮಿ’ ಎಂಬ ಇನ್ನೆರಡು ಪ್ರಭೇದಗಳು ಹೆಸರಿಸಲ್ಪಟ್ಟವು. ಎರಡನೆಯದು ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಹೆಸರಿನದು. ಅಲ್ಲಿಗೆ ಪ್ರಭೇದಗಳು ಮೂರಾದವು. ಆದರೆ ಮೀನು ಇನ್ನೊಂದು ಊರಿನ ಬಾವಿಯಲ್ಲಿ ಸಿಕ್ಕಾಗ ಅದು ಮೂರರಲ್ಲಿ ಯಾವುದು ಎಂದು ಮೈ ನೋಡಿ ನಿಶ್ಚಯಿಸುವುದು ಬಹಳ ಕಠಿಣವಾಗಿತ್ತು. ಹೀಗೆ ಹೊರರೂಪದಿಂದ ಬೇರ್ಪಡಿಸಲಾಗದ, ಆದರೆ ವಂಶದಲ್ಲಿ ಬೇರೆಯಾದ ಜೀವಿಗಳನ್ನು ‘ಗುಪ್ತ ಪ್ರಭೇದ’ಗಳು ಎನ್ನುತ್ತಾರೆ.

ವಂಶದ ಲಿಪಿಯನ್ನು ಓದುವುದು

ಇಲ್ಲಿ ನೆರವಿಗೆ ಬಂದದ್ದು ವಂಶವಾಹಿಯ ಪರೀಕ್ಷೆ. ಪ್ರಾಣಿಗಳ ಬಹುತೇಕ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಶಕ್ತಿಕೇಂದ್ರಗಳಿರುತ್ತವೆ. ಅವುಗಳಿಗೆ ತಮ್ಮದೇ ಆದ ಪುಟ್ಟ ಡಿ.ಎನ್.ಎ. ಇರುತ್ತದೆ. ಅದು ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಒಂದು ಕೋಶದಲ್ಲಿ ಇದರ ನೂರಾರು ಪ್ರತಿಗಳಿರುವುದರಿಂದ ಮೀನಿನ ರೆಕ್ಕೆಯ ಒಂದು ಚೂರಿನಿಂದಲೂ ಅದನ್ನು ಪಡೆಯಬಹುದು. ಡಿ.ಎನ್.ಎ. ಎಂಬುದು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಲಿಪಿ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಒಂದೇ ಓಲೆಗರಿಯ ಗ್ರಂಥವನ್ನು ಎರಡು ಮಠಗಳಲ್ಲಿ ಶತಮಾನಗಟ್ಟಲೆ ಪ್ರತ್ಯೇಕವಾಗಿ ಪ್ರತಿ ಮಾಡುತ್ತ ಹೋದರೆ ಹೇಗೆ ಪಾಠಾಂತರಗಳು ಬೆಳೆಯುತ್ತವೆಯೋ ಹಾಗೆಯೇ ಬೇರೆಯಾದ ಎರಡು ಸಂತತಿಗಳ ಲಿಪಿಯೂ ದೂರವಾಗುತ್ತದೆ. ಪಾಠಾಂತರಗಳನ್ನು ಎಣಿಸಿ ಯಾವ ಪ್ರತಿ ಯಾವುದರಿಂದ ಕವಲೊಡೆಯಿತು ಎಂದು ವಿದ್ವಾಂಸರು ಹೇಳುವಂತೆ, ಅಕ್ಷರಭೇದಗಳನ್ನು ಎಣಿಸಿ ಜೀವಿಗಳ ವಂಶವೃಕ್ಷವನ್ನು ರಚಿಸುತ್ತಾರೆ.

2003ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು, ಮೈಟೊಕಾಂಡ್ರಿಯದ ‘ಸೈಟೋಕ್ರೋಮ್ ಆಕ್ಸಿಡೇಸ್’ ಕಿಣ್ವದ ಮೊದಲ ಘಟಕವನ್ನು ರೂಪಿಸುವ ವಂಶವಾಹಿಯ ಸುಮಾರು 650 ಅಕ್ಷರಗಳ ತುಣುಕನ್ನು ಪ್ರಾಣಿಗಳ ಗುರುತಿನ ಪಟ್ಟಿಯಂತೆ ಬಳಸಬಹುದೆಂದು ಸೂಚಿಸಿದರು. ಅಂಗಡಿಯ ಪೊಟ್ಟಣದ ಮೇಲಿನ ಬಾರ್‌ಕೋಡ್ ಇದ್ದಂತೆ. 2005ರಲ್ಲಿ ಆಸ್ಟ್ರೇಲಿಯದ 207 ಮೀನು ಪ್ರಭೇದಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಒಂದೇ ಪ್ರಭೇದದ ಮೀನುಗಳ ನಡುವಿನ ಸರಾಸರಿ ಅಂತರ ಶೇಕಡಾ 0.39, ಒಂದೇ ಕುಲದ ಬೇರೆ ಪ್ರಭೇದಗಳ ನಡುವಿನ ಸರಾಸರಿ ಅಂತರ ಶೇಕಡಾ 9.93 ಎಂದು ಕಂಡುಬಂತು. ಸ್ಥೂಲವಾಗಿ ಹೇಳುವುದಾದರೆ 650 ಅಕ್ಷರಗಳಲ್ಲಿ ಸೋದರರ ನಡುವೆ ಎರಡು ಮೂರು ಅಕ್ಷರಗಳ ವ್ಯತ್ಯಾಸ, ದಾಯಾದಿಗಳ ನಡುವೆ ಅರವತ್ತಕ್ಕೂ ಮಿಕ್ಕಿದ ವ್ಯತ್ಯಾಸ.

ಜನರೇ ನಡೆಸಿದ ಶೋಧ

ವಿಧಾನವೇನೋ ಸಿದ್ಧವಾಯಿತು. ಆದರೆ ಮೀನು ಎಲ್ಲಿ? ನೆಲದಡಿಯ ನೀರಿಗೆ ಬಲೆ ಬೀಸಲಾಗದು. ಸಾವಿರಾರು ಮನೆಗಳ ಬಾವಿಗಳನ್ನು ನಾಲ್ಕಾರು ಸಂಶೋಧಕರು ಕಾಯಲಾಗದು. ಈ ತೊಡಕನ್ನು ಬಿಡಿಸಿದವರು ಬಾವಿಯ ಒಡೆಯರೇ.

ಕೊಚ್ಚಿಯ ಕೇರಳ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯದ ರಾಜೀವ್ ರಾಘವನ್ ಹಾಗೂ ರೆಮ್ಯಾ ಸುಂದರ್, ಜರ್ಮನಿಯ ಸೆಂಕೆನ್‌ಬರ್ಗ್ ಸಂಸ್ಥೆಯ ರಾಲ್ಫ್ ಬ್ರಿಟ್ಜ್, ಸಿ.ಪಿ. ಅರ್ಜುನ್, ನೀಲೇಶ್ ಡಹಾಣೂಕರ್ ಇವರನ್ನೊಳಗೊಂಡ ತಂಡ ಆರು ವರ್ಷಗಳ ಸಮೀಕ್ಷೆ ನಡೆಸಿತು. ಊರುಗಳಲ್ಲಿ ಮಾಹಿತಿ ಸಭೆಗಳಾದವು. ಸಾಮಾಜಿಕ ಜಾಲತಾಣಗಳ ಮೂಲಕ ಮನವಿಗಳು ಹೋದವು. ಬಾವಿ, ಕೆರೆ, ಗುಹೆಗಳಲ್ಲಿ ಆಮಿಷವಿಟ್ಟ ಬೋನುಗಳನ್ನು ಇಳಿಸಿದರು. ಬಾವಿಯಿಂದ ನೀರೇರಿಸುವ ಮನೆಯ ತೊಟ್ಟಿಗಳನ್ನು ಸಹ ಪರೀಕ್ಷಿಸಿದರು. ಆದರೆ ನಿಜವಾದ ಬಲ ಬಂದದ್ದು ಬಾವಿಯ ಕೆಸರೆತ್ತುವಾಗ ಕೊಡದಲ್ಲಿ ಕಂಡ ಕೆಂಪು ಹುಳುವಿನಂಥ ಜೀವಿಯನ್ನು ಚೆಲ್ಲದೆ, ಅದು ಏನೆಂದು ವಿಚಾರಿಸಿದ ಸಾಮಾನ್ಯ ಜನರಿಂದ. ಹೀಗೆ 47 ಹೊಸ ಸ್ಥಳಗಳ ದಾಖಲೆಯೂ 65 ಹೊಸ ವಂಶವಾಹಿ ಅನುಕ್ರಮಗಳೂ ದೊರೆತವು.

2023ರಲ್ಲಿ ‘ವರ್ಟಿಬ್ರೇಟ್ ಜುವಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದಾಗಿತ್ತು. ಹೊರರೂಪದಲ್ಲಿ ಒಂದನ್ನೊಂದು ಹೋಲುವ ಈ ಮೀನುಗಳ ವಂಶವಾಹಿಗಳಲ್ಲಿ ಆಳವಾದ ಅಂತರವಿತ್ತು. ಪ್ರಭೇದಗಳ ನಡುವಿನ ಅಂತರ ಶೇಕಡಾ 7ನ್ನು ಮೀರಿತ್ತು. ಅಂದರೆ 650 ಅಕ್ಷರಗಳಲ್ಲಿ ಸುಮಾರು 45ಕ್ಕೂ ಹೆಚ್ಚು ಭೇದ. ತಿಳಿದಿದ್ದ ಮೂರು ಪ್ರಭೇದಗಳಲ್ಲದೆ ನಾಲ್ಕನೆಯದೊಂದು ಶಾಖೆ ಸ್ಪಷ್ಟವಾಗಿ ಗೋಚರಿಸಿತು. ಅದು ಉಳಿದ ಮೂರೂ ಒಂದರಿಂದೊಂದು ಬೇರೆಯಾಗುವ ಮೊದಲೇ ಕವಲೊಡೆದು ನಿಂತ ಪ್ರಾಚೀನ ಶಾಖೆ. ಕಣ್ಣೆದುರೇ ಇದ್ದರೂ ಯಾರೂ ಬೇರೆಯೆಂದು ಅರಿಯದಿದ್ದ ಈ ಮೀನಿಗೆ ತಂಡವು ‘ಹೋರಾಗ್ಲಾನಿಸ್ ಪಾಪ್ಯುಲಿ’ ಎಂದು ಹೆಸರಿಟ್ಟಿತು. ಲ್ಯಾಟಿನ್‌ನಲ್ಲಿ ಅದರ ಅರ್ಥ ‘ಜನರ’ ಎಂದು. ಹೆಸರಿನಲ್ಲಿ ಅರಸನಿಲ್ಲ, ಅಧಿಕಾರಿಯಿಲ್ಲ, ವಿದ್ವಾಂಸನಿಲ್ಲ. ಬಾವಿಯ ಕಟ್ಟೆಯ ಬಳಿ ನಿಂತ ಸಾಮಾನ್ಯ ಜನರಿದ್ದಾರೆ.

ರೂಪ ಏಕೆ ಬದಲಾಗಲಿಲ್ಲ?

ಇಷ್ಟು ಕಾಲ ಬೇರೆಯಾಗಿದ್ದರೂ ಮೈ ಏಕೆ ಬದಲಾಗಲಿಲ್ಲ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಗೆ ಸಹಜವಾಗಿ ಬರುತ್ತದೆ. ಹೊಳೆಯ ಮೀನಿಗೆ ಬಿಸಿಲು ನೆರಳು, ಪ್ರವಾಹ, ಬೇಟೆಗಾರ ಹಕ್ಕಿ, ಸಂಗಾತಿಯ ಆಯ್ಕೆ ಎಲ್ಲವೂ ರೂಪವನ್ನು ತಿದ್ದುವ ಒತ್ತಡಗಳು. ನೆಲದಡಿಯಲ್ಲಿ ಬೆಳಕಿಲ್ಲವಾದ್ದರಿಂದ ಬಣ್ಣಕ್ಕೂ ಮಚ್ಚೆಗೂ ಕೆಲಸವಿಲ್ಲ. ಎಲ್ಲ ಬಾವಿಗಳ ಅಡಿಯಲ್ಲೂ ಅದೇ ಕತ್ತಲೆ, ಅದೇ ಇಕ್ಕಟ್ಟು. ಒಂದೇ ಬಗೆಯ ಬದುಕಿಗೆ ಒಂದೇ ಬಗೆಯ ಮೈ ಒಪ್ಪಿಗೆಯಾಗಿ ಉಳಿದಿರಬಹುದು. ಮೈ ನಿಂತಲ್ಲೇ ನಿಂತಿದ್ದರೂ ವಂಶದ ಗಡಿಯಾರ ನಿಲ್ಲಲಿಲ್ಲ. ಒಂದು ಪದರದಿಂದ ಇನ್ನೊಂದು ಪದರಕ್ಕೆ ಹೋಗುವ ದಾರಿ ಮುಚ್ಚಿದಂತೆ ಅಕ್ಷರಭೇದಗಳು ಸೇರುತ್ತಲೇ ಹೋದವು.

ಆದರೆ ವಂಶವಾಹಿಯೇ ಅಂತಿಮ ತೀರ್ಪು ಎಂದು ಭಾವಿಸುವುದೂ ತಪ್ಪು. ಹೋರಾಗ್ಲಾನಿಸ್‌ನಲ್ಲಿ ಒಂದೇ ಪ್ರಭೇದದ ಒಳಗೂ ವೈವಿಧ್ಯ ಬಹಳವಿದೆ. ಬೇರೆ ಮೀನುಗಳಿಗೆ ಅನ್ವಯಿಸುವ ಕಡಿಮೆ ಅಂತರದ ಅಳತೆಗೋಲನ್ನು ಇಲ್ಲಿ ಯಾಂತ್ರಿಕವಾಗಿ ಹಿಡಿದಿದ್ದರೆ ಇಲ್ಲದ ಪ್ರಭೇದಗಳನ್ನು ಸೃಷ್ಟಿಸಿದಂತಾಗುವ ಸಾಧ್ಯತೆಯಿತ್ತು. ಅಲ್ಲದೆ ಮೈಟೊಕಾಂಡ್ರಿಯ ತಾಯಿಯ ಕಡೆಯ ಕಥೆಯನ್ನಷ್ಟೇ ಹೇಳುತ್ತದೆ. ಎರಡು ಪ್ರಭೇದಗಳ ಮಿಶ್ರತಳಿಯಲ್ಲಿ ತಂದೆಯ ಗುರುತು ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಮೈಯ ಲಕ್ಷಣ, ಮೂಳೆ, ವಂಶವಾಹಿ, ವಾಸಸ್ಥಾನ ಎಲ್ಲವನ್ನೂ ಕೂಡಿಸಿ ನೋಡುವುದೇ ಸರಿಯಾದ ಕ್ರಮ. ಸೊನೆಯ ಪರಿಮಳ ನೋಡುವ ಕೃಷಿಕ ಮರವನ್ನೂ ಮಣ್ಣನ್ನೂ ನೋಡುವುದನ್ನು ಬಿಡುವುದಿಲ್ಲವಷ್ಟೆ.

ಹೆಸರಿಲ್ಲದಿದ್ದರೆ ಲೆಕ್ಕವಿಲ್ಲ

ಒಂದು ಕುರುಡು ಮೀನು ನಾಲ್ಕಾದರೆ ಊರಿಗೇನು ಲಾಭ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ.

ಸಂರಕ್ಷಣೆಯ ಕಾನೂನು, ಅಳಿವಿನಂಚಿನ ಪಟ್ಟಿ, ಯೋಜನೆಗಳ ಪರಿಸರ ಪರಿಣಾಮ ವರದಿ ಎಲ್ಲವೂ ಪ್ರಭೇದದ ಹೆಸರಿನ ಮೇಲೆ ನಿಂತಿವೆ. ನಾಲ್ಕು ಪ್ರಭೇದಗಳು ಒಂದೇ ಹೆಸರಿನಡಿ ಇದ್ದರೆ ಆ ಮೀನು ಹಲವು ಜಿಲ್ಲೆಗಳಲ್ಲಿ ಹರಡಿದೆ, ಒಂದು ಗುಡ್ಡ ಹೋದರೆ ಚಿಂತೆಯಿಲ್ಲ ಎಂದು ವರದಿ ಬರೆಯಬಹುದು. ನಾಲ್ಕೂ ಬೇರೆ ಎಂದಾದಾಗ ಒಂದೊಂದರ ನೆಲೆ ಎಷ್ಟು ಕಿರಿದು ಎಂಬುದು ತಿಳಿಯುತ್ತದೆ. ಈ ಮೀನುಗಳ ಸಂತತಿ ಇತ್ತೀಚಿನ ಕಾಲದಲ್ಲಿ ವಿಸ್ತರಿಸಿದ ಕುರುಹು ವಂಶವಾಹಿಯಲ್ಲಿ ಕಾಣುವುದಿಲ್ಲ. ಒಂದು ಕಡೆ ನಶಿಸಿದರೆ ಪಕ್ಕದ ಕಡೆಯಿಂದ ಬೇಗನೆ ಬಂದು ತುಂಬಿಕೊಳ್ಳುತ್ತವೆ ಎಂಬ ಭರವಸೆಗೆ ಇದರಿಂದ ಆಧಾರವಿಲ್ಲ.

ಅಪಾಯಗಳಂತೂ ಕಣ್ಣೆದುರೇ ಇವೆ. ಯಂತ್ರಗಳಿಂದ ಕೆಂಪುಕಲ್ಲಿನ ಗುಡ್ಡವನ್ನು ಬುಡದವರೆಗೆ ಕತ್ತರಿಸಿದಾಗ ಹೋಗುವುದು ಕಲ್ಲಷ್ಟೇ ಅಲ್ಲ, ನೀರು ಹಿಡಿದಿಡುವ ಸ್ಪಂಜು. ಕೊಳವೆಬಾವಿಗಳು ನೀರಿನ ಮಟ್ಟವನ್ನು ಇಳಿಸಿದಾಗ ಮೇಲಿನ ಪದರದ ರಂಧ್ರಗಳು ಒಣಗುತ್ತವೆ. ಬಾವಿಯನ್ನು ‘ಶುದ್ಧ’ಗೊಳಿಸಲೆಂದು ಅಳತೆಯಿಲ್ಲದೆ ಸುರಿಯುವ ಬ್ಲೀಚಿಂಗ್ ಪುಡಿ, ತೋಟದ ಕೀಟನಾಶಕ, ಶೌಚದ ಗುಂಡಿಯ ಒಸರು ಎಲ್ಲವೂ ಇಳಿಯುವುದು ಅದೇ ಕೊಳವೆಗಳಲ್ಲಿ. ಆ ನೀರನ್ನೇ ಮನೆಯವರೂ ಕುಡಿಯುತ್ತಾರೆ ಎಂಬುದನ್ನು ಮರೆಯಬಾರದು. ಕುರುಡು ಮೀನು ಬದುಕಿರುವ ಬಾವಿ ಎಂದರೆ ನೆಲದಡಿಯ ನೀರು ಇನ್ನೂ ಜೀವಂತವಾಗಿದೆ ಎಂಬುದರ ಸಾಕ್ಷಿ.

ಮುಗುಡಿನ ಪ್ರಶ್ನೆ

ಹೋರಾಗ್ಲಾನಿಸ್ ಕೇರಳದ ಸೊತ್ತು. ಆದರೆ ಅದರ ದಾಯಾದಿ ಮುಗುಡಿನ ವಿಷಯದಲ್ಲಿ ಇಂಥದೇ ಗೊಂದಲ ಕರ್ನಾಟಕದ ಗದ್ದೆಗಳಲ್ಲಿಯೂ ಇದೆ. ಭಾರತದ ಮುಗುಡು ಜಾತಿಯ ಮೀನನ್ನು ಬಹುಕಾಲ ಪಠ್ಯಪುಸ್ತಕಗಳು ‘ಕ್ಲೇರಿಯಸ್ ಬಟ್ರಾಕಸ್’ ಎಂದು ಕರೆದವು. ಅದು ಲಿನ್ನೇಯಸ್ 1758ರಲ್ಲಿ ಕೊಟ್ಟ ಹೆಸರು. 2008ರಲ್ಲಿ ಹೀಯೋಕ್ ಹೀ ಂಗ್ ಮತ್ತು ಮಾರಿಸ್ ಕೊಟ್ಟೆಲಾಟ್ ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಆ ಹೆಸರು ಜಾವಾ ದ್ವೀಪದ ಮೀನಿಗೆ ಸಲ್ಲತಕ್ಕದ್ದು, ಭಾರತದ್ದು ‘ಕ್ಲೇರಿಯಸ್ ಮಾಗುರ್’ ಎಂದು ಸ್ಪಷ್ಟಪಡಿಸಿದರು. ಮಾಗುರ್ ಎಂಬ ಹೆಸರನ್ನು 1822ರಲ್ಲಿ ಗಂಗೆಯ ಮೀನುಗಳ ಗ್ರಂಥದಲ್ಲಿ ಕೊಟ್ಟವನು ಬೇರಾರೂ ಅಲ್ಲ, ಕೆಂಪುಕಲ್ಲಿಗೆ ಹೆಸರಿಟ್ಟ ಅದೇ ಬುಕಾನನ್. ಆ ವೇಳೆಗೆ ಅವನು ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ್ದ. ಇದಲ್ಲದೆ ಪಶ್ಚಿಮ ಘಟ್ಟಕ್ಕೇ ಸೀಮಿತವಾದ ‘ಕ್ಲೇರಿಯಸ್ ಡುಸುಮಿಯೆರಿ’ ಎಂಬ ಇನ್ನೊಂದು ಮುಗುಡು ಇದೆ. ಊರಿನ ಬಾಯಲ್ಲಿ ಮಾತ್ರ ಎಲ್ಲವೂ ಮುಗುಡೇ.

ಈ ಗೊಂದಲದ ನಡುವೆ ನುಸುಳಿದ್ದು ಆಫ್ರಿಕಾದ ‘ಕ್ಲೇರಿಯಸ್ ಗ್ಯಾರಿಪೈನಸ್’. ಮೀಟರಿಗೂ ಮಿಕ್ಕಿ ಬೆಳೆಯುವ, ಸಿಕ್ಕಿದ್ದನ್ನೆಲ್ಲ ತಿನ್ನುವ ಈ ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದೆ. ಆದರೂ ಅದು ‘ಮಾಗುರ್’ ಎಂಬ ಹೆಸರಿನಲ್ಲಿ ಹೊಂಡಗಳಿಗೆ ಬಂದದ್ದುಂಟು, ಮಳೆಗಾಲದಲ್ಲಿ ಹೊಂಡ ಉಕ್ಕಿ ಹಳ್ಳ ಸೇರಿದ್ದುಂಟು. ಬೆಳೆದ ಮೀನನ್ನು ಗಾತ್ರದಿಂದ, ಕಿವಿರಿನೊಳಗೆ ಬಾಚಣಿಗೆಯ ಹಲ್ಲುಗಳಂತೆ ಒತ್ತಾಗಿರುವ ಕಡ್ಡಿಗಳಿಂದ ಗುರುತಿಸಬಹುದು. ಮರಿಗಳನ್ನು ನೋಡಿ ಹೇಳುವುದು ಸಾಮಾನ್ಯರಿಗೆ ಸುಲಭವಲ್ಲ. ಇಲ್ಲಿ ವಂಶವಾಹಿಯ ಪರೀಕ್ಷೆ ನೇರವಾಗಿ ಕೃಷಿಕನ ಪರವಾಗಿ ಸಾಕ್ಷಿ ಹೇಳಬಲ್ಲದು. ಅಲ್ಲಿಯವರೆಗೆ, ಮೂಲ ತಿಳಿಯದ ಮರಿಗಳನ್ನು ಕೆರೆಗೂ ಕೃಷಿಹೊಂಡಕ್ಕೂ ಬಿಡದಿರುವುದೇ ವಿವೇಕ.

ಮಾಡಬಹುದಾದ ಕೆಲಸ

ಜೀವವೈವಿಧ್ಯ ಕಾಯಿದೆ 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಬಹುಪಾಲು ದಾಖಲಾತಿಗಳಲ್ಲಿ ಮರ, ಔಷಧಿಗಿಡ, ಭತ್ತದ ತಳಿಗಳಿಗೆ ಸಿಕ್ಕ ಸ್ಥಾನ ಹಳ್ಳದ ಮೀನಿಗೆ ಸುಲಭವಾಗಿ ಸಿಗುವುದಿಲ್ಲ. ಬಾವಿ, ಸುರಂಗಗಳ ಒಳಗಿನ ಜೀವಿಗಳ ಪುಟವಂತೂ ಇನ್ನೂ ತೆರೆಯಬೇಕಾದದ್ದು. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬಹುದು.

ಬೇಸಿಗೆಯಲ್ಲಿ ಬಾವಿಯ ಕೆಸರೆತ್ತುವಾಗ ಮೊದಲ ಕೊಡಗಳ ನೀರನ್ನು ಬಿಳಿಯ ತಟ್ಟೆಯಲ್ಲಿ ಹುಯ್ದು ನೋಡಬೇಕು. ವಿಚಿತ್ರವಾದ ಮೀನೋ ಸೀಗಡಿಯೋ ಕಂಡರೆ ಅದೇ ಬಾವಿಯ ನೀರಿನಲ್ಲಿಟ್ಟು, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು, ಮೇಲಿನಿಂದಲೂ ಬದಿಯಿಂದಲೂ ಚಿತ್ರ ತೆಗೆಯಬೇಕು. ಊರು, ದಿನಾಂಕ, ಬಾವಿಯ ಆಳ, ಕಲ್ಲಿನ ಬಗೆ, ಊರಿನವರು ಕರೆಯುವ ಹೆಸರು ಇವಿಷ್ಟನ್ನು ಬರೆದಿಡಬೇಕು. ಜೀವಂತ ಮೀನನ್ನು ಬಾವಿಗೇ ಮರಳಿಸಬೇಕು. ತಾನಾಗಿ ಸತ್ತ ಮೀನು ಸಿಕ್ಕರೆ ಎಸೆಯದೆ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಿಳಿಸಬೇಕು. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಬಳಸುವ ಫಾರ್ಮಾಲಿನ್ ಮೈಯ ಆಕಾರವನ್ನು ಉಳಿಸುತ್ತದೆ, ಆದರೆ ಡಿ.ಎನ್.ಎ.ಯನ್ನು ಕೆಡಿಸುತ್ತದೆ. ವಂಶವಾಹಿ ಪರೀಕ್ಷೆಗೆ ಬೇಕಾದ ಚೂರನ್ನು ಮೊದಲೇ ತೆಗೆದು ಶುದ್ಧ ಮದ್ಯಸಾರದಲ್ಲಿ ಇಡಬೇಕೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಇಷ್ಟೆಲ್ಲ ಹುಡುಕಿಯೂ ಬಾವಿಯಲ್ಲಿ ಏನೂ ಸಿಗದಿರಬಹುದು. ‘ಹುಡುಕಿದೆವು, ಸಿಗಲಿಲ್ಲ’ ಎಂಬ ದಾ಼ಖಲೆಗೂ ವಿಜ್ಞಾನದಲ್ಲಿ ಬೆಲೆಯಿದೆ.

ಮಲೆನಾಡಿನ ಹೋರಾಟಗಳು ಕಾಡಿಗಾಗಿ ನಡೆದಿವೆ, ನದಿಗಾಗಿ ನಡೆದಿವೆ. ಕಾಡೂ ನದಿಯೂ ಕಣ್ಣಿಗೆ ಕಾಣುವಂಥವು. ಕೆಂಪುಕಲ್ಲಿನ ಒಡಲಿನ ನೀರು, ಅದರೊಳಗಿನ ಜೀವ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಕಾಯಬೇಕಾದರೆ ಮೊದಲು ಅದನ್ನು ಅರಿಯಬೇಕು. ಕೇರಳದ ಸಾಮಾನ್ಯ ಜನರು ಕೊಡದೊಳಗಿನ ಕೆಂಪು ಎಳೆಯೊಂದನ್ನು ಚೆಲ್ಲದೆ ‘ಇದೇನು?’ ಎಂದು ಕೇಳಿದರು. ಆ ಪ್ರಶ್ನೆಯಿಂದ ಒಂದು ಪ್ರಾಚೀನ ವಂಶಕ್ಕೆ ಹೆಸರು ಸಿಕ್ಕಿತು, ಆ ಹೆಸರು ಜನರದೇ ಆಯಿತು. ಮಲೆನಾಡಿನ ಬಾವಿಗಟ್ಟೆಗಳಲ್ಲಿಯೂ ಆ ಪ್ರಶ್ನೆ ಕೇಳಿಬರಲಿ.